ಚಪ್ಪಲಿಗೆ ಕಟ್ಟಿದ ದಾರ

ಇಪ್ಪತ್ತು ವರ್ಷ ಚಪ್ಪಲಿಗೆ ಅಂಟು ಹಚ್ಚಿದ ನನ್ನ ಹೆಂಡತಿಗೆ ತನ್ನ ಕಾಲಿಂದ ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ.

ಅದೇ ಕಾರ್ಖಾನೆಯಲ್ಲಿ ನಾನು ಹೊಲಿಗೆಯವನು. ಅಂಟಿನ ಕೋಣೆಗೆ ಒಂದೇ ಕಿಟಕಿ. ಗಾಳಿ ಆಡಿದರೆ ಅಂಟು ಬೇಗ ಒಣಗುತ್ತದೆಂದು ಅದನ್ನೂ ಮುಚ್ಚಿದ್ದರು. ಹೊಸ ಅಂಟು ಬಂದ ಮೇಲೆ ಹೆಂಗಸರಿಗೆ ಮೊದಲು ತಲೆ ತಿರುಗಿತು, ಆಮೇಲೆ ಕಾಲು ಜೋಮು ಹಿಡಿಯಿತು. ನಾವು ಅದನ್ನೂ ನಗೆಯಾಡಿಕೊಂಡೆವು.

"ರೀ, ನನ್ ಚಪ್ಪಲಿ ಇದೆಯಾ ನೋಡಿ."

"ಒಂದಿದೆ ಮಾರಾಯ್ತಿ. ಇನ್ನೊಂದು ತವರಿಗೆ ಹೋಗಿದೆ."

ಹಾಗಿರುವಾಗ ಆರೋಗ್ಯ ಪರೀಕ್ಷೆಯವರು ಬರುತ್ತಾರೆಂದು ಸುದ್ದಿ ಬಂತು. ಕಾಲೆಳೆದು ನಡೆಯುವವರಿಗೆ ನಾಳೆಯಿಂದ ಕೆಲಸವಿಲ್ಲ ಎಂದ ಮೇಸ್ತ್ರಿ. ಅವರು ಬಂದ ದಿನ ಬೆಳಿಗ್ಗೆ ನಾನೇ ಹೊಲಿಗೆಯ ದಾರದಿಂದ ಅವಳ ಚಪ್ಪಲಿಯನ್ನು ಕಾಲಿಗೆ ಬಿಗಿದು ಕಟ್ಟಿದೆ. ನನ್ನನ್ನು ನೋಡಿ ಉಳಿದವರೂ ಕಟ್ಟಿಕೊಂಡರು. ಎಲ್ಲರೂ ಹಲ್ಲು ಕಚ್ಚಿ ನೆಟ್ಟಗೆ ನಡೆದರು.

"ಏನಾದ್ರೂ ತೊಂದ್ರೆ ಇದೆಯೇನಮ್ಮ?"

"ಏನೂ ಇಲ್ಲ ಸಾರ್."

ಬರೆದುಕೊಂಡು ಹೋದರು. ಮೂರು ವರ್ಷಕ್ಕೆ ಅವಳು ಹಾಸಿಗೆ ಹಿಡಿದಳು. ಅವಳು ಕೂರುತ್ತಿದ್ದ ಜಾಗದಲ್ಲಿ ಈಗ ಮಗಳು ಕೂರುತ್ತಾಳೆ. ಆ ಅಂಟು ನಿಲ್ಲಿಸಿ ಎಂದು ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸಿದೆ.

ಮೊನ್ನೆ ಇಲಾಖೆಯ ಕಚೇರಿಯಲ್ಲಿ ವಿಚಾರಣೆ. ಮೇಜಿನ ಮೇಲೆ ಊರಗಲದ ಹಾಳೆ. ಎಡಕ್ಕೆ ರಾಸಾಯನಿಕಗಳ ಹೆಸರು, ಮೇಲೆ ಕಾಯಿಲೆಗಳ ಹೆಸರು. ಯಾರಾದರೂ ಪರೀಕ್ಷಿಸಿ ಬರೆದಿದ್ದರೆ ಆ ಚೌಕದಲ್ಲಿ ಒಂದು ಚುಕ್ಕಿ. ನಮ್ಮ ಅಂಟಿನ ಸಾಲಿನಲ್ಲಿ, ನರದ ಕಾಯಿಲೆಯ ಕೆಳಗೆ, ಚೌಕ ಖಾಲಿ.

"ನೋಡಿ ಯಜಮಾನ್ರೆ, ತೊಂದ್ರೆ ಇಲ್ಲ ಅಂತ ವಿಜ್ಞಾನಾನೇ ಹೇಳ್ತಿದೆ," ಎಂದ ಕಾರ್ಖಾನೆಯ ಮ್ಯಾನೇಜರ್.

ಇಲಾಖೆಗಾಗಿ ಆ ಹಾಳೆ ತಯಾರಿಸಿದ ಹುಡುಗಿ ಅವನನ್ನು ತಡೆದಳು. "ಖಾಲಿ ಅಂದ್ರೆ ತೊಂದ್ರೆ ಇಲ್ಲ ಅಂತಲ್ಲ ಸಾರ್. ಯಾರೂ ಪೂರ್ತಿ ನೋಡಿಲ್ಲ ಅಂತ. ನಿಮ್ ಕಾರ್ಖಾನೆಗೇ ಒಂದ್ಸಲ ನೋಡೋಕೆ ಹೋಗಿದ್ರು. ಕಾಲು ಸರಿ ಇಲ್ಲದೋರು ಒಬ್ರೂ ಸಿಗ್ಲಿಲ್ಲ ಅಂತ ಅರ್ಧಕ್ಕೇ ಬಿಟ್ರು."

ನಾನು ಎದ್ದು ನಿಂತೆ.

"ಸಿಗದ ಹಾಗೆ ಮಾಡಿದೋನು ನಾನೇ ತಾಯಿ. ದಾರ ಕಟ್ಟಿದ್ದು ಇದೇ ಕೈ."

ಮ್ಯಾನೇಜರ್ ನಕ್ಕ. "ಬಾಯಿಮಾತು ಸಾಕ್ಷಿ ಆಗುತ್ತಾ?"

ಅಷ್ಟರಲ್ಲಿ ಕೆಲಸ ಮುಗಿಸಿ ಮಗಳು ಬಂದಳು. ಜೊತೆಯ ಹೆಂಗಸರು ಬಾಗಿಲಲ್ಲೇ ನಿಂತರು. "ತಡ ಆಯ್ತಪ್ಪಾ," ಎನ್ನುತ್ತಾ ನನ್ನ ಪಕ್ಕಕ್ಕೆ ಬಂದಳು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲಿನದು ಹೊಸ್ತಿಲಾಚೆ ಮಗುಚಿ ಬಿದ್ದಿತ್ತು.

"ಯಾಕಪ್ಪಾ ಹಾಗೆ ನೋಡ್ತೀಯ?"

ಅವಳಿಗೆ ಗೊತ್ತೇ ಆಗಿರಲಿಲ್ಲ.

ಹೋಗಿ ಅದನ್ನು ಎತ್ತಿಕೊಂಡು ಬಂದೆ. ಜೇಬಿನಲ್ಲಿ ದಾರವಿತ್ತು, ಹೊಲಿಗೆಯವನ ಜೇಬಲ್ಲಿ ಇದ್ದೇ ಇರುತ್ತದೆ. ಈ ಸಲ ಕಟ್ಟಲಿಲ್ಲ. ಚಪ್ಪಲಿಯನ್ನು ಆ ಖಾಲಿ ಚೌಕದ ಮೇಲಿಟ್ಟೆ.

"ಏಯ್, ತೆಗಿಯಯ್ಯಾ ಅದನ್ನ!" ಎಂದ ಮ್ಯಾನೇಜರ್.

ನಾನು ತೆಗೆಯಲಿಲ್ಲ. ಬಾಗಿಲಲ್ಲಿದ್ದ ಹೆಂಗಸರು, ಒಬ್ಬೊಬ್ಬರಾಗಿ, ತಲೆ ಬಗ್ಗಿಸಿ ತಮ್ಮ ತಮ್ಮ ಕಾಲು ನೋಡಿಕೊಂಡರು.