ಆಮೆನ್ ಅಂದ ಮೇಲೆ

ಇಸ್ತ್ರಿಯಕ್ಕನ ಕೈಯಲ್ಲಿ ಅಂದು ಬೆಳಿಗ್ಗೆಯೇ ಒಂದು ಕಾಲರ್ ಸುಟ್ಟಿತು. ಆ ಹೊಲಿಗೆ ಕಾರ್ಖಾನೆಯಲ್ಲಿ ಆಕೆ ಬಟ್ಟೆ ಸುಟ್ಟಿದ್ದನ್ನು ಯಾರೂ ಕಂಡವರಲ್ಲ.

"ಏನಕ್ಕಾ, ಯಾರ ಮೇಲಿನ ಸಿಟ್ಟು ಅಂಗಿ ಮೇಲೆ ತೀರಿಸ್ಕೊತಿದ್ದೀಯಾ?" ಎಂದಳು ಗುಂಡಿ ಹೊಲಿಯುವವಳು.

ಸಿಟ್ಟಲ್ಲ, ಸಂಕಟ. ಮಧ್ಯಾಹ್ನ ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಿತ್ತು.

ಭಾನುವಾರ, ಇಸ್ತ್ರಿಯಕ್ಕನ ಮಹಡಿ ಮನೆಯಲ್ಲೇ ಕ್ರೈಸ್ತ ಸಭೆಯವರು ಸೇರುತ್ತಿದ್ದ ಪ್ರಾರ್ಥನೆಯ ಕೋಣೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ನಾಲ್ಕೈದು ಜನ ನುಗ್ಗಿದ್ದರು. ಬೆಂಚು ಮುರಿದರು, ಹೆಂಗಸರನ್ನು ದಬ್ಬಿದರು, ಪಾಸ್ಟರ ತಲೆಗೆ ಹಿಂದಿನಿಂದ ಕೋಲಿನಲ್ಲಿ ಬಾರಿಸಿದರು. ಕೋಲು ಬೀಸಿದವನ ಮುಖದ ಬಟ್ಟೆ ಜಾರಿದ್ದು ಬಾಗಿಲ ಸಂದಿಯಲ್ಲಿ ಮುದುರಿ ಕೂತಿದ್ದ ಇಸ್ತ್ರಿಯಕ್ಕನೊಬ್ಬಳಿಗೇ ಕಂಡಿತ್ತು. ಅವನು ಕಾರ್ಖಾನೆ ಯಜಮಾನರ ಸ್ವಂತ ತಮ್ಮ. ಎಲ್ಲರೂ ಹೋದ ಮೇಲೆ ಗಂಡನ ಕಿವಿಯಲ್ಲಿ ಹೇಳಿದವಳು ಆಮೇಲೆ ತುಟಿ ಬಿಚ್ಚಿರಲಿಲ್ಲ.

ಮರುದಿನ ಸಭೆಯವರು ಸೇರಿದರು. ಒಬ್ಬೊಬ್ಬರೇ ಎದ್ದು ಕರ್ತನು ತಮಗೆ ಮಾಡಿದ ಉಪಕಾರ ಹೇಳುವುದು ಅವರಲ್ಲಿ ರೂಢಿ. ಅದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚುವುದೂ ರೂಢಿಯೇ. ಒಬ್ಬರ ನೆಗಡಿ ಹೇಳುವಷ್ಟರಲ್ಲಿ ಪ್ರಾಣಕ್ಕೇ ಬಂದಿರುತ್ತಿತ್ತು. ಕೇಳುವವರು ಆಮೆನ್ ಅನ್ನುತ್ತಿದ್ದರು. ಅದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಅಂದು ಮಾತ್ರ ಒಬ್ಬಾಕೆ ಎದ್ದು, ಇದಕ್ಕೆಲ್ಲ ಕೆಳಮನೆಯ ಬಡಗಿಯದೇ ಕುಮ್ಮಕ್ಕು ಇರಬೇಕು ಎಂದಳು. ಹಾಡು ಶುರುವಾದರೆ ಸಾಕು, ಕೆಳಗಿನಿಂದ ಬಾಯಿಗೆ ಬಂದಂತೆ ಬೈಯುವವನು ಅವನು. ಇವರು ಅವನಿಗೆ ಗಂಟಲಪ್ಪ ಎಂದೇ ಹೆಸರಿಟ್ಟಿದ್ದರು. ಆಮೆನ್ ಅಂದರು ಎಲ್ಲರೂ. ಎರಡನೆಯವರು ಎದ್ದಾಗ ಗಂಟಲಪ್ಪ ಮೆಟ್ಟಿಲ ಬಳಿ ನಿಂತಿದ್ದ. ಆಮೆನ್. ಮೂರನೆಯವರು ಎದ್ದಾಗ ಕೋಲು ಅವನ ಕೈಗೇ ಬಂದಿತ್ತು. ಅಭ್ಯಾಸಬಲ, ಇಸ್ತ್ರಿಯಕ್ಕನ ಬಾಯಿಯೂ ಆಮೆನ್ ಅಂದುಬಿಟ್ಟಿತು. ಸಂಜೆಗೆ ಪೊಲೀಸರು ಬಡಗಿಯನ್ನು ಎಳೆದುಕೊಂಡು ಹೋದರು.

ಸುಟ್ಟ ಕಾಲರನ್ನು ಬಚ್ಚಿಡುವಷ್ಟರಲ್ಲಿ ಯಜಮಾನರೇ ಮೇಜಿನ ಹತ್ತಿರ ಬಂದರು. ಬೈಯಲಿಲ್ಲ. ಅದೇ ಆಕೆಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹೋಗಿ ಬಾಮ್ಮ. ನಿಮ್ಮೋರೆಲ್ಲ ಹೇಳಿದ್ದನ್ನೇ ನೀನೂ ಹೇಳು. ಬಡಗಿ ನಿನಗೇನು ನೆಂಟನಾ?" ಇಸ್ತ್ರಿ ಪೆಟ್ಟಿಗೆಯ ಹಿಡಿ ಸವರಿದರು. "ಈ ಮೇಜು, ನಿನ್ನ ಗಂಡನ ಕತ್ತರಿ, ನಾನು ಕೊಟ್ಟಿರೋ ಮನೆ, ಎಲ್ಲಾ ಹೀಗೇ ಇರುತ್ತೆ."

ತಾನು ತಮ್ಮನನ್ನು ಕಂಡದ್ದು ಅವರಿಗೆ ಗೊತ್ತು ಎಂದು ಆಕೆಗೆ ಆಗ ತಿಳಿಯಿತು. ಬಟ್ಟೆ ಜಾರಿದಾಗ ಅವನೂ ತನ್ನನ್ನು ನೋಡಿರಬೇಕು.

ಗಂಡ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರ. ಠಾಣೆಯ ದಾರಿಯಲ್ಲಿ ಅವನು ಒಂದು ಹೆಜ್ಜೆ ಮುಂದೆ, ಇವಳು ಒಂದು ಹೆಜ್ಜೆ ಹಿಂದೆ. ಆಮೇಲೆ ಇವಳು ಮುಂದೆ, ಅವನು ಹಿಂದೆ. ಇಬ್ಬರಿಗೂ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಸುಮ್ನೆ 'ನಾನೇನೂ ನೋಡ್ಲಿಲ್ಲ' ಅಂದ್ಬಿಡು."

"ನೋಡಿದೀನಲ್ಲ!"

"ಪಾಸ್ಟರೇ ಬಡಗಿ ಹೆಸರು ಕೊಟ್ಟವ್ರೆ. ನೀನೇನು ಅವರಿಗಿಂತ ದೊಡ್ಡ ಭಕ್ತೆನಾ?"

"ಅವರಿಗೆ ಹಿಂದಿನಿಂದ ಬಿತ್ತು ರೀ. ನಾವು ಆಮೆನ್ ಅಂದಿದ್ದನ್ನೇ ನಂಬಿದ್ರು. ಏಟು ತಿಂದೋರೂ ನಾವೇ, ಸುಳ್ಳು ಹೇಳೋರೂ ನಾವೇ ಆದ್ರೆ ಯೇಸುಸ್ವಾಮಿಗೆ ಯಾವ ಮುಖ ತೋರಿಸ್ಲಿ?"

"ಯೇಸುಸ್ವಾಮಿ ಕ್ಷಮಿಸ್ತಾರೆ ಕಣೇ. ಯಜಮಾನ್ರು ಕ್ಷಮಿಸ್ತಾರಾ, ಅದು ಹೇಳು."

ಆಕೆಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ನುಗ್ಗಿತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು.

ಠಾಣೆಯಲ್ಲಿ ಪಾಸ್ಟರು ತಲೆಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಕಂಬಿಯ ಹಿಂದಿನಿಂದ ಬಡಗಿ ಯಾರನ್ನೋ ಬೈಯುತ್ತಿದ್ದ. ಗಂಟಲು ಮಾತ್ರ ಕಟ್ಟಿಹೋಗಿತ್ತು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಯಜಮಾನರ ತಮ್ಮ ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಿದ್ದ. ಇವಳನ್ನು ನೋಡಿ ಲೋಟ ಎತ್ತಿ ತೋರಿಸಿದ.

"ಬಡಗಿ ಹೊಡೆದಿದ್ದು ನೋಡಿದ್ರಿ, ಅಷ್ಟೇ ತಾನೇ?" ಎಂದರು ಇನ್‌ಸ್ಪೆಕ್ಟರು, ತಲೆ ಎತ್ತದೆ.

"ಇಲ್ಲ ಸಾರ್. ಬಡಗಿ ಅಲ್ಲಿರ್ಲೇ ಇಲ್ಲ."

ಪಾಸ್ಟರು ತಟ್ಟನೆ ತಿರುಗಿದರು. ಇನ್‌ಸ್ಪೆಕ್ಟರು ಕುರ್ಚಿಗೆ ಒರಗಿದರು. "ನೋಡಮ್ಮ, ಅನುಮತಿ ಇಲ್ದೆ ಮನೇಲಿ ಜನ ಸೇರಿಸ್ತೀರಿ ಅಂತ ನಿಮ್ಮ ಮೇಲೇನೇ ಕೇಸು ಜಡೀಬಹುದು. ಯೋಚನೆ ಮಾಡಿ ಮಾತಾಡು. ಹಂಗಾದ್ರೆ ಯಾರು ಹೊಡೆದಿದ್ದು?"

ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ನೆನಪಾಗಲಿಲ್ಲ. ಗಂಡ ಹಿಂದಿನಿಂದ ಬಂದು ಆಕೆಯ ತೋಳು ಹಿಡಿದುಕೊಂಡ. ಸುಮ್ಮನಿರು ಎಂದೋ, ಹೇಳು ಎಂದೋ, ಆ ಹಿಡಿತದಲ್ಲಿ ತಿಳಿಯಲಿಲ್ಲ.

"ಒಳಗೆ ಟೀ ಕುಡೀತಾ ಕೂತಿದಾನಲ್ಲ ಸಾರ್, ಅವನು," ಎಂದಳು. "ನಾವು ಯೇಸುಸ್ವಾಮಿಯವರು ಸಾರ್. ನಮಗೆ ಆಗದವನ ತಲೆಗಾದ್ರೂ ಸುಳ್ಳು ಕಟ್ಟೋಕಾಗಲ್ಲ. ನಾನೂ ಆಮೆನ್ ಅಂದಿದ್ದೆ, ತಪ್ಪಾಯ್ತು. ಈಗ ಹೇಳಿದ್ದು ಬರ್ಕೊಳಿ."

ಒಳಗೆ ಲೋಟ ಕುಕ್ಕಿದ ಸದ್ದಾಯಿತು. ಪಾಸ್ಟರು ಗೋಡೆ ಹಿಡಿದುಕೊಂಡು ಎದ್ದರು. "ಸಾರ್, ನಾನು ಯಾರನ್ನೂ ನೋಡಿಲ್ಲ. ಅವರಿವರು ಹೇಳಿದ್ದಕ್ಕೆ ಆ ಹೆಸರು ಕೊಟ್ಟೆ. ಬಡಗಿ ಬಗ್ಗೆ ಹೇಳಿದ್ದು ವಾಪಸ್ ತಗೋತೀನಿ."

ಇಬ್ಬರ ಬಾಯಿಂದಲೂ ಒಂದೇ ಮಾತು ಬಂದ ಮೇಲೆ ಇನ್‌ಸ್ಪೆಕ್ಟರಿಗೆ ಬಡಗಿಯನ್ನು ಬಿಡದೆ ದಾರಿಯಿರಲಿಲ್ಲ. ಯಜಮಾನರ ತಮ್ಮನನ್ನು ಮಾತ್ರ, ವಿಚಾರಣೆ ಮಾಡೋಣ ಎಂದು ಕೈಕುಲುಕಿ ಕಳಿಸಿದರು.

ಮನೆ ಮುಟ್ಟುವ ಮೊದಲೇ ಅವರ ಪಾತ್ರೆ ಬೀದಿಗೆ ಬಂದಿತ್ತು. ಯಜಮಾನರ ಆಳುಗಳು ಹಾಸಿಗೆ ಎಸೆಯುತ್ತಿದ್ದರು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ಲೋ, ಮರ ಅಂದ್ರೇನು ಅಂತ ಗೊತ್ತೇನ್ರೋ ನಿಮಗೆ? ಬಿಡ್ರೋ ಕೈ!"

ಬಡಗಿ ಉಳಿ ಸುತ್ತಿಗೆ ಹಿಡಿದುಕೊಂಡು ಬಂದಿದ್ದ. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. ಇಸ್ತ್ರಿಯಕ್ಕನತ್ತ ಗುರಾಯಿಸಿ, "ನಿಮ್ಮೋರೇ ಒಳಗೆ ಹಾಕ್ಸಿದ್ದು, ಮರೆತಿಲ್ಲ ನಾನು," ಎಂದವನು ಮಂಡಿಯೂರಿ ಮಂಚದ ಕಾಲು ಬಿಚ್ಚತೊಡಗಿದ.

ಆಕೆ ಪಾತ್ರೆ ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. "ಭಾನುವಾರ ಪ್ರಾರ್ಥನೆ ಎಲ್ಲಿ ಮಾಡೋದು ರೀ?"

"ಮೊದ್ಲು ಇವತ್ತು ಎಲ್ಲಿ ಮಲಗೋದು ಹೇಳು ಮಾರಾಯ್ತಿ," ಎಂದ ಗಂಡ, ಮಂಚದ ಇನ್ನೊಂದು ತುದಿ ಹಿಡಿದುಕೊಳ್ಳುತ್ತ.