ಪಟ್ಟಿಯ ಆಚೆ

ಇರುವೆಯೊಂದು ಆಸ್ಪತ್ರೆಯ ನೆಲದ ಮೇಲಿನ ಬಿಳಿ ಪಟ್ಟಿಯ ಅಂಚಿಗೆ ಬಂದು, ಒಂದು ಗಳಿಗೆ ನಿಂತು, ದಾಟಿಯೇ ಹೋಯಿತು — ಅದಕ್ಕೇನು, ಅದರ ಭಾರಕ್ಕೆ ಯಾವ ನೆಲಬಾಂಬೂ ಎಚ್ಚರಗೊಳ್ಳುವುದಿಲ್ಲ, ಮನುಷ್ಯನ ತೂಕ ಬೇಕು, ಎಂದುಕೊಳ್ಳುತ್ತ ಅವನು ಎರಡೂ ಬದಿಯ ಕಂಬಿಗಳನ್ನು ಇನ್ನಷ್ಟು ಬಿಗಿಹಿಡಿದ, ಅಂಗೈ ಬೆವರಿ ಉಕ್ಕು ಜಾರುತ್ತಿದೆ, ಎಡ ಮೊಣಕಾಲಿನ ಕೆಳಗೆ ಹೊಸ ಕಾಲು ಕಿರ್ರೆನ್ನುತ್ತಿದೆ, ಕೆಳಗೆ ನೋಡ್ಬೇಡಿ ಅಣ್ಣ, ಬಾಗಿಲು ನೋಡಿ, ಎನ್ನುತ್ತಾಳೆ ನಡಿಗೆ ಕಲಿಸುವ ಹುಡುಗಿ, ಅವಳಿಗೆ ಹೇಗೆ ಹೇಳುವುದು, ನೆಲಬಾಂಬು ಹುಡುಕಿ ತೆಗೆಯುವವನ ಕಣ್ಣು ನೆಲ ಬಿಟ್ಟು ಮೇಲೇಳುವುದು ಮನೆಗೆ ಹೋದ ಮೇಲೆಯೇ, ಮನೆ ಇರುವುದೋ ಆ ಬಾಗಿಲಿನಾಚೆ, ಕಂಬಿ ಬಿಟ್ಟು ಅಲ್ಲಿಯವರೆಗೆ ನಡೆದವರಿಗಷ್ಟೇ ಬಿಡುಗಡೆ, ನಿನ್ನೆ ಫೋನಿನಲ್ಲಿ ಹೆಂಡತಿ ನಕ್ಕಿದ್ದಳು, ನಡ್ಕೊಂಡು ಬಂದ್ರೆ ಸರಿ, ಇಲ್ಲಾಂದ್ರೆ ನಾನೇ ಹೊತ್ಕೊಂಡ್ ಬರ್ತೀನಿ, ತುಂಬಿದ ಗ್ಯಾಸ್ ಸಿಲಿಂಡರನ್ನೇ ಎರಡು ಮಹಡಿ ಹತ್ತಿಸಿದೋಳು ನಾನು — ನಗುವಿನ ಕೊನೆಯಲ್ಲಿ ಅವಳ ದನಿ ಒಡೆದದ್ದು ಅವನಿಗೆ ಕೇಳಿಸಿತ್ತು.

ಕಂಬಿ ಮುಗಿಯುವಲ್ಲಿಂದ ಬಾಗಿಲಿನವರೆಗೆ ಎರಡು ಬಿಳಿ ಪಟ್ಟಿ, ಅಂಟಿಸಿದವನು ರೇಡಿಯೊ, ಬಾಯಿಯೇ ಮುಚ್ಚದವನೆಂದು ತುಕಡಿಯವರು ಇಟ್ಟ ಹೆಸರು, ಊರುಗೋಲು ಬಗಲಿಗಿಟ್ಟುಕೊಂಡೇ ನೆಲದಲ್ಲಿ ಕೂತು ಅಂಟಿಸಿದ್ದಾನೆ, ಗುರುವೇ, ನಿಮ್ಮದೇ ದಾರಿ, ಪಟ್ಟಿಯ ಒಳಗೆ ಒಂದು ಸೊಳ್ಳೆಯೂ ಸಿಡಿಯಲ್ಲ — ಒಳ್ಳೆಯ ಮನಸ್ಸಿನ ಪೆದ್ದ, ಪಟ್ಟಿ ಎಳೆದರೆ ಆಚೆ ಒಂದು ಬಯಲೂ ಹುಟ್ಟುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಅಂದು ಅಂಥದೇ ನೆಲಬಾಂಬಿನ ಬಯಲಲ್ಲಿ ರೇಡಿಯೊ ಗಾಯಗೊಂಡು ಬಿದ್ದು ಕೂಗುತ್ತಿದ್ದ, ಇವನು ಹೊಟ್ಟೆಯ ಮೇಲೆ ತೆವಳುತ್ತ ಸಲಾಕೆಯಿಂದ ಮಣ್ಣು ಚುಚ್ಚಿ ಚುಚ್ಚಿ ದಾರಿ ಮಾಡಿದ, ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸುತ್ತ, ಒಬ್ಬ ಹೋಗುವಷ್ಟೇ ಅಗಲ, ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು, ಗುಂಡು ಹಾರಿಸುವವರ ಕಣ್ಣಿಗೆ ಅಡ್ಡವಾಗಿದ್ದ ಹೊಗೆ ಆಗಲೇ ತೆಳುವಾಗುತ್ತಿದೆ, ಮುಂದೆ ರೇಡಿಯೊ, ಹಿಂದೆ ಅವರು, ನಡುವೆ ತಾನು, ಬಾಟಲಿಯ ಬಿರಡೆಯಂತೆ — ಅಗಲ ಮಾಡಲು ಹೊತ್ತಿಲ್ಲ, ಪಟ್ಟಿಯ ಆಚೆ ಕಾಲಿಟ್ಟರೆ ಕಾಲು ನಿಮ್ಮದಲ್ಲ, ಎಂದು ಹೊಸಬರಿಗೆ ಹೇಳಿಕೊಟ್ಟವನು ತಾನೇ, ಎದ್ದು ನಿಂತ, ಪಟ್ಟಿ ದಾಟಿ ಬದಿಗೆ ಎರಡು ಹೆಜ್ಜೆ ಸರಿದ, ನೆಲ ಸುಮ್ಮನಿತ್ತು, ಹೋಗಿ, ಬೇಗ ಎತ್ಕೊಳ್ಳಿ, ಎಂದ, ರೇಡಿಯೊ ಸ್ಟ್ರೆಚರಿನ ಮೇಲಿಂದ ಕಣ್ಣರಳಿಸಿ ನೋಡುತ್ತಿದ್ದ, ಅವರು ದೂರ ಹೋಗುವವರೆಗೆ ಇವನು ಅಲ್ಲಾಡಲಿಲ್ಲ, ಆಮೇಲೆ ಹಿಂತಿರುಗುವ ಹೆಜ್ಜೆ, ಎಡಗಾಲು ಮೊದಲು, ನೆಲಕ್ಕಿಳಿದ ಹೊಗೆಯಲ್ಲಿ ತನ್ನದೇ ಹೆಜ್ಜೆಗುರುತು ಕಾಣಲಿಲ್ಲ, ಬಿಳಿ ಪಟ್ಟಿಯ ತುದಿ ಮಾತ್ರ ಕಂಡಿತು, ಅದೊಂದೇ.

ಕೈ ಬಿಡಿ ಅಣ್ಣ, ನಾನಿದೀನಿ. ಬಿಟ್ಟ. ಹೊಸ ಕಾಲು, ಹಳೆ ಕಾಲು, ಇಡೀ ಮೈಭಾರ ಅಂಗೈಯಗಲ ರಬ್ಬರಿನ ಮೇಲೆ, ಪಟ್ಟಿಯ ನಡುವೆ, ನಡುವೆಯೇ, ಅಂಚು ತಾಗಕೂಡದು, ಕಂಬಿಯ ಪಕ್ಕದಲ್ಲಿ ಊರುಗೋಲು ಹಿಡಿದು ರೇಡಿಯೊ ನೋಡುತ್ತಿದ್ದಾನೆ, ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು, ಜಾಗ ಬಿಡಿ, ಜಾಗ ಬಿಡಿ, ಒಂದು ಸ್ಟ್ರೆಚರ್ ಗಾಡಿ, ಮೇಲೆ ಯಾರೋ, ಕೆನ್ನೆಯವರೆಗೆ ಬ್ಯಾಂಡೇಜು, ನೇರ ಎದುರಿಗೇ, ಮತ್ತೆ ತಾನು ನಡುವೆ, ಬಿರಡೆ — ಯೋಚಿಸುವ ಮೊದಲೇ ಮೈ ಬದಿಗೆ ಸರಿದಿತ್ತು, ಗಾಡಿ ಗಾಳಿ ಬೀಸಿ ಹಾದುಹೋಯಿತು, ಗುರುವೇ, ಎಂದು ರೇಡಿಯೊ ಕಿರುಚಿದ, ಅಳುವೋ ನಗುವೋ, ಗುರುವೇ ಕೆಳಗೆ ನೋಡಿ, ಬೇಡ ಎಂದಿದ್ದಳಲ್ಲ ಹುಡುಗಿ, ಆದರೂ ನೋಡಿದ, ಬಿಳಿ ಪಟ್ಟಿ, ಅದರ ಆಚೆ ಹೊಸ ಕಾಲು, ಎರಡು ಹೆಜ್ಜೆ ಆಚೆ, ಅದರ ಪಕ್ಕದಲ್ಲಿ ಹಳೆಯದು, ನೆಲ ಸುಮ್ಮನಿದೆ, ಬಿಳಿ ಪಟ್ಟಿ, ಅದರ ಆಚೆ ಕಾಲು, ನೆಲ ಸುಮ್ಮನೆ —