ನಾಲ್ಕನೆಯ ನೀರು

ಅಕ್ಕಿ ತೊಳೆದ ಮೂರನೆಯ ನೀರು ಬಸಿದಾಗಿತ್ತು. ಉರುಳಿಯ ತಳದಲ್ಲಿ ಅಕ್ಕಿ ಬೆಳ್ಳಗೆ, ಹಲ್ಲು ಬಿಟ್ಟು ನಗುವ ಹಾಗೆ ಕೂತಿತ್ತು. ಪದ್ಮಾಕ್ಷಿಯ ಬಲಗೈ ಮಾತ್ರ, ಯಾರೂ ಕರೆಯದೆಯೇ, ಪಕ್ಕದಲ್ಲಿ ತುಂಬಿಟ್ಟ ತಾಮ್ರದ ಕೊಡಪಾನದ ಕಡೆಗೆ ಹೊರಟಿತ್ತು.

ಅವಳು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಳು. ಹಟದ ಕರುವನ್ನು ಕೊರಳ ಹಗ್ಗ ಹಿಡಿದು ನಿಲ್ಲಿಸುವಂತೆ ನಿಲ್ಲಿಸಿದಳು.

ದೇವಸ್ಥಾನದ ನೈವೇದ್ಯದ ಕೋಣೆಗೆ ಅವಳು ಕಾಲಿಡದೆ ಒಂಬತ್ತು ತಿಂಗಳಾಗಿತ್ತು. ಇವತ್ತು ಸೋಮವಾರ, ಗಂಟೆ ಹನ್ನೊಂದು. ಹನ್ನೆರಡೂವರೆಯ ಮಹಾಪೂಜೆಯೊಳಗೆ ಅನ್ನವೂ ಕಡಲೆಬೇಳೆ ಪಾಯಸವೂ ಗರ್ಭಗುಡಿಯ ಹೊಸ್ತಿಲು ಮುಟ್ಟಿದರೆ ಈ ಒಲೆ ಮತ್ತೆ ಅವಳದು. ಇಲ್ಲದಿದ್ದರೆ, ಈ ಒಂಬತ್ತು ತಿಂಗಳು ಅಡುಗೆಗೆ ನಿಂತ ಸುಳ್ಯದ ಕಡೆಯ ಹುಡುಗನಿಗೆ ಕೆಲಸ ಕಾಯಂ. ದೇವತಕ್ಕ ಮೊಣ್ಣಪ್ಪನವರು ಹಾಗೆಂದು ಬಾಯಿ ಬಿಟ್ಟು ಹೇಳಿರಲಿಲ್ಲ. ದೇವಸ್ಥಾನದ ಯಜಮಾನಿಕೆ ನಾಲ್ಕು ತಲೆಮಾರಿನಿಂದ ಅವರ ಮನೆತನದ್ದು, ಒರಟು ಮಾತಿನವರಲ್ಲ. “ಒಂದು ಸೋಮವಾರ ನೋಡುವ ಅಮ್ಮಾ” ಎಂದು ಕೈಗಡಿಯಾರವನ್ನು ಒಮ್ಮೆ ತಿರುವಿದ್ದರು, ಅಷ್ಟೆ. ಅರ್ಥವಾಗಲು ಅಷ್ಟು ಸಾಕಿತ್ತು.

ಅರ್ಚಕ ತಿರುಮಲೇಶ್ವರ ಭಟ್ಟರ ಕೈಹಿಡಿದು ಈ ಊರಿಗೆ ಬಂದಾಗ ಪದ್ಮಾಕ್ಷಿಗೆ ಹತ್ತೊಂಬತ್ತು. ಈ ಒಲೆಯನ್ನು ಅವಳಿಗೆ ಒಪ್ಪಿಸಿದವರು ಅತ್ತೆ. “ಅಕ್ಕಿಗೆ ಮೂರು ನೀರು ಮಗಾ. ಒಂದು ತೌಡಿಗೆ, ಒಂದು ಧೂಳಿಗೆ, ಒಂದು ದೇವರಿಗೆ” ಎಂದಿದ್ದರು. ಮೂವತ್ತು ವರ್ಷ ಮೂರೇ ನೀರು. ಅವಳ ಕೈಯ ನೈವೇದ್ಯ ಉಣ್ಣಲಿಕ್ಕೆಂದೇ ವಿರಾಜಪೇಟೆಯಿಂದ ಬಸ್ಸು ಹತ್ತಿ ಬರುವವರಿದ್ದರು. ಅದನ್ನು ನೆನೆದಾಗ ಅವಳಿಗೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆಮೇಲೆ ಗುಡ್ಡ ಜರಿದ ವರ್ಷ ಬಂತು. ಎದುರುಗುಡ್ಡ ಕಾಫಿಗಿಡ ಸಮೇತ ಇಳಿದು ಎರಡು ಮನೆ ಮಣ್ಣಾದ ಬೆಳಿಗ್ಗೆ, ಪದ್ಮಾಕ್ಷಿ ಇದೇ ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದಳು: ಇವತ್ತು ಅಕ್ಕಿಗೆ ಮೂರು ನೀರು ಹಾಕಿದೆನೋ, ಎರಡೋ? ಅಷ್ಟೇ. ಅಷ್ಟು ಸಣ್ಣ ಸಂಶಯ. ಮರುದಿನದಿಂದ ನಾಲ್ಕನೆಯ ನೀರು ಸೇರಿತು. ನಾಲ್ಕು ಏಳಾಯಿತು, ಏಳು ಇಪ್ಪತ್ತೊಂದಾಯಿತು. ಕೈ ತೊಳೆಯುವುದಕ್ಕೆ ಲೆಕ್ಕವೇ ಇರಲಿಲ್ಲ. ತನ್ನ ಕೈ ತಪ್ಪಿದರೆ ಇನ್ನೊಂದು ಗುಡ್ಡ ಜರಿಯುತ್ತದೆ ಎಂಬ ಮಾತನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ.

ಊರಿಗೆ ಕಂಡದ್ದು ಬೇರೆ. “ಮಡಿ ಅಂದ್ರೆ ಪದ್ಮಾಕ್ಷಮ್ಮನ ಮಡಿ” ಎಂದು ಹೆಂಗಸರು ಹೊಸ ಸೊಸೆಯರನ್ನು ಕರೆತಂದು ತೋರಿಸಿದರು. ಕಾಲಿಗೆ ಬಿದ್ದವರೂ ಉಂಟು. ಭಟ್ಟರಂತೂ ಊಟದ ಪಂಕ್ತಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡರು. ಇಡೀ ಊರು ಅವಳ ರೋಗಕ್ಕೆ ಆರತಿ ಎತ್ತುತ್ತಿತ್ತು. ಹನ್ನೆರಡೂವರೆಯ ಮಹಾಪೂಜೆ ಒಂದು ಗಂಟೆಗೆ ಜಾರಿತು, ಎರಡಕ್ಕೂ ಜಾರಿತು. ಕೊನೆಗೊಂದು ದಿನ ಸಕ್ಕರೆ ಕಾಯಿಲೆಯ ಅಜ್ಜನೊಬ್ಬ ಪ್ರಸಾದಕ್ಕೆ ಕಾದು ಕಾದು ಅಂಗಳದಲ್ಲಿ ತಲೆಸುತ್ತಿ ಬಿದ್ದ ಮೇಲೆ, ಮೊಣ್ಣಪ್ಪನವರು ಸುಳ್ಯಕ್ಕೆ ಫೋನು ಮಾಡಿದರು.

ನಿಜವನ್ನು ಮೊದಲು ಕಂಡವಳು ಚಿಕ್ಕಿ. ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಸೋಮವಾರ ಸೋಮವಾರ ಬಾಳೆಎಲೆ ತಂದು, ಕೋಣೆಯ ಹೊರಗಿನ ಕಟ್ಟೆಯ ಮೇಲಿಟ್ಟು ಹೋಗುವವಳು. ಒಂದು ದಿನ ಇಟ್ಟವಳು ಹೋಗಲಿಲ್ಲ. ಪದ್ಮಾಕ್ಷಿಯ ಸಿಪ್ಪೆ ಸುಲಿದು ಕೆಂಪಾದ ಬೆರಳುಗಳನ್ನೇ ನೋಡುತ್ತ ನಿಂತಳು.

“ಇದು ಮಡಿಯಲ್ಲ ಅಮ್ಮಾ. ಮಡಿಯವರ ಮುಖ ತಂಪಾಗಿರ್ತದೆ. ನೀವು ಹೆದರಿದ್ದೀರಿ.”

“ನಿಂಗೇನು ಗೊತ್ತು, ಹೋಗು ಅತ್ಲಾಗೆ!”

“ನಂಗೆ ಗೊತ್ತುಂಟು. ನನ್ನ ತಂಗಿ ಬಾಗಿಲ ಚಿಲಕ ಮುಟ್ಟಿ ಮುಟ್ಟಿ ಸವೆಸಿದ್ಲು. ಮಡಿಕೇರಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ವಿ. ಈಗ ಕಾಫಿ ಪಿಕ್ಕಿಂಗಿಗೆ ಬರ್ತಾಳೆ, ನನಗಿಂತ ಜಾಸ್ತಿ ಕೊಯ್ತಾಳೆ. ಬೈಯೋದಾದ್ರೆ ಬೈರಿ, ಆದ್ರೆ ಹೋಗಿ.”

ಬೈದಳು. ಆದರೆ ಹೋದಳು.

ಆಸ್ಪತ್ರೆಯ ವೈದ್ಯರು ಮಾತ್ರೆ ಬರೆದುಕೊಟ್ಟು ಪಕ್ಕದ ಕೋಣೆ ತೋರಿಸಿದರು. ಅಲ್ಲಿದ್ದವಳು ಆಪ್ತಸಮಾಲೋಚಕಿ ಕಾವ್ಯಶ್ರೀ, ಹಾರಂಗಿ ಕಡೆಯ ಬೇಸಾಯಗಾರರ ಮನೆಯ ಹುಡುಗಿ. ತನ್ನ ಮಗಳ ವಯಸ್ಸು. ಇವಳೇನು ಹೇಳಿಯಾಳು ಎಂದುಕೊಂಡೇ ಪದ್ಮಾಕ್ಷಿ ಕೂತಿದ್ದಳು. ಆ ಹುಡುಗಿ ಹೇಳಲಿಲ್ಲ, ಕೇಳಿದಳು. ಗುಡ್ಡದ ಮಾತು ಹೊರಗೆ ಬರುವವರೆಗೆ ಮೂರು ಗುರುವಾರ ಸುಮ್ಮನೆ ಕೇಳಿದಳು.

“ಇದ್ಕೆ ಗೀಳು ಅಂತಾರಮ್ಮ. ಕಾಯ್ಲೆ. ನಿಮ್ ಭಕ್ತೀನ ಯಾರೂ ಕಿತ್ಕೊಳ್ಳಲ್ಲ. ನಿಮ್ಮತ್ತೆ ಮೂರು ನೀರು ಅಂದ್ರಲ್ಲ, ಒಂದು ದೇವ್ರಿಗೆ ಅಂತ. ಹಂಗಾದ್ರೆ ನಾಲ್ಕನೇದು ಯಾರ್ಗೆ?”

ಪದ್ಮಾಕ್ಷಿ ತೌಡು, ಧೂಳು, ದೇವರು ಎಂದು ಮೂರು ಬೆರಳು ಮಡಿಸಿದಳು, ನಾಲ್ಕನೆಯದು ಹಾಗೇ ನಿಂತಿತು.

“ಯೋಚ್ನೆ ಮಾಡಿ. ಅವಸರ ಇಲ್ಲ” ಎಂದು ಹುಡುಗಿ ನಕ್ಕಳು. ಭಯವನ್ನು ಸೊನ್ನೆಯಿಂದ ನೂರರವರೆಗೆ ಅಳೆಯಬೇಕು ಎಂದಾಗ ಪದ್ಮಾಕ್ಷಿ ಆಗದೆಂದು ತಲೆಯಾಡಿಸಿದಳು. ಅವಳ ಅಳತೆ ಬೇರೆ. ದೇವಸ್ಥಾನದ ಹಿಂದೆ ಹೊಳೆಗಿಳಿಯಲು ಹನ್ನೆರಡು ಮೆಟ್ಟಿಲು. ಮಳೆಗಾಲದಲ್ಲಿ ಎಷ್ಟು ಮುಳುಗಿವೆ ಎಂದು ನೋಡಿಯೇ ಊರವರು ನೆರೆಯನ್ನು ಅಳೆಯುವುದು. “ಹಂಗೇ ಆಗ್ಲಿ” ಎಂದಳು ಕಾವ್ಯಶ್ರೀ. “ನೆರೆ ಬಂದ್ರೆ ನೀವು ಕೈಯಿಂದ ತಳ್ತೀರಾ? ದಡದಲ್ಲಿ ನಿಂತು ನೋಡ್ತೀರಿ. ಏರಿದ್ದು ಇಳೀತದೆ. ಇದೂ ಅಷ್ಟೇ. ಕೈ ತೊಳೀಬೇಡಿ, ಓಡಬೇಡಿ, ನಿಂತು ನೋಡಿ.”

ಹೆಚ್ಚು ಕಷ್ಟದ ಪಾಠ ಸಿಕ್ಕಿದ್ದು ಭಟ್ಟರಿಗೆ. “ಶುದ್ಧವಾಯ್ತಲ್ವಾ?” ಎಂದು ಹೆಂಡತಿ ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದಳು, ಇವರು ನಲವತ್ತು ಸಲವೂ “ಆಯ್ತು ಮಾರಾಯ್ತಿ” ಎನ್ನುತ್ತಿದ್ದರು.

“ನಿಮ್ ‘ಆಯ್ತು’ ಅನ್ನೋದೇ ಆ ಒಲೆಗೆ ಸೌದೆ, ಭಟ್ರೇ. ಇನ್ಮೇಲೆ ‘ಗೊತ್ತಿಲ್ಲ’ ಅನ್ನಿ” ಎಂದಳು ಕಾವ್ಯಶ್ರೀ.

“ಶುದ್ಧವೋ ಅಲ್ವೋ ಗೊತ್ತಿಲ್ಲ ಅನ್ನುವ ಭಟ್ಟನನ್ನು ಯಾರು ಮೇಡಂ ಪೂಜೆಗೆ ಕರೀತಾರೆ?”

“ಊರಿಗೆ ಹೇಳ್ಬೇಡಿ. ಇವ್ರಿಗೆ ಮಾತ್ರ.”

ಏಳು ತಿಂಗಳು ಹೀಗೆ ನಡೆಯಿತು. ಪತ್ರಿಕೆ ಮುಟ್ಟಿ ಕೈ ತೊಳೆಯದೆ ಕೂತದ್ದು, ಬಸ್ಸಿನ ಕಂಬಿ ಹಿಡಿದು ಬಂದು ಹಾಗೇ ಊಟ ಮಾಡಿದ್ದು, ಮನೆಯ ಅನ್ನಕ್ಕೆ ಹನ್ನೆರಡು ನೀರು, ಎಂಟು, ಐದು. ಅತ್ತ ದಿನಗಳಿದ್ದವು. ಆಸ್ಪತ್ರೆಯೂ ಬೇಡ, ಏನೂ ಬೇಡ ಎಂದ ದಿನಗಳೂ ಇದ್ದವು. ಹಾಗೆಂದ ಗುರುವಾರವೂ ಅವಳು ಬಸ್ಸು ಹತ್ತಿದ್ದಳು.

ಇವತ್ತು ಕೊನೆಯ ಪರೀಕ್ಷೆ. ಬಲಗೈ ಸುಮ್ಮನಾದ ಮೇಲೆ ಪದ್ಮಾಕ್ಷಿ ಅಕ್ಕಿಯನ್ನು ಒಲೆಯ ಮೇಲಿಟ್ಟಳು. ಪಕ್ಕದ ಒಲೆಯಲ್ಲಿ ಪಾಯಸ ಕುದಿಯುತ್ತಿತ್ತು. ಬೆಲ್ಲದ ಪರಿಮಳ ಅಂಗಳದವರೆಗೂ ಹೋಗಿರಬೇಕು. ಅಲ್ಲಿ ಕುರ್ಚಿ ಹಾಕಿ ಕೂತಿದ್ದ ಮೊಣ್ಣಪ್ಪನವರು ಒಮ್ಮೆ ಗಂಟಲು ಸರಿಮಾಡಿಕೊಂಡರು.

“ಎಲೆ, ಅಮ್ಮಾ” ಎಂದಳು ಬಾಗಿಲಲ್ಲಿ ಚಿಕ್ಕಿ. ಅಭ್ಯಾಸದಂತೆ ಕಟ್ಟೆಯ ಮೇಲಿಡಲು ಬಾಗಿದ್ದಳು.

“ಅಲ್ಲಿಡಬೇಡ. ಇಲ್ಲಿ ಕೊಡು.”

ಚಿಕ್ಕಿ ಅನುಮಾನದಿಂದ ನೋಡಿದಳು. “ಕೈಗಾ?”

“ಕೈಗೇ. ಕಾಲಿಗೆ ಕೊಡ್ತೀಯಾ ಮತ್ತೆ?”

ಎಲೆಯ ಕಟ್ಟು ಕೈಯಿಂದ ಕೈಗೆ ಬಂತು. ಹೊಳೆಯಲ್ಲಿ ಆಗತಾನೇ ತೊಳೆದದ್ದು. ಪದ್ಮಾಕ್ಷಿ ತಿರುಗುವಾಗ ಎಲೆಯ ತುದಿಯಿಂದ ಒಂದು ಹನಿ ಜಾರಿ ನೇರವಾಗಿ ಪಾಯಸಕ್ಕೆ ಬಿತ್ತು.

ಅವಳ ಕಿವಿಯಲ್ಲಿ ಗುಡ್ಡ ಜರಿಯಿತು.

“ಓಯ್, ಕೇಳಿತಾ!” ಧ್ವನಿ ಅವಳ ಅಂಕೆ ಮೀರಿ ಹೊರಟಿತ್ತು. “ಎಲೆಯ ನೀರು ಪಾಯಸಕ್ಕೆ ಬಿತ್ತು. ಶುದ್ಧ ಉಂಟಾ? ಹೇಳಿ, ಶುದ್ಧ ಉಂಟಾ?”

ಭಟ್ಟರು ಕೈಯಲ್ಲಿ ಹೂವಿನ ತಟ್ಟೆಯೊಂದಿಗೆ ಗರ್ಭಗುಡಿಯಿಂದ ಹೊರಬಂದರು. ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು. ದೇವರ ಮುಂದೆ ಹಾಸುವ ಎಲೆ ಅದು, ಅದರ ನೀರಿಗೆ ಯಾವ ಮೈಲಿಗೆ? ಅವರ ತುಟಿ ಅಲುಗಿದ್ದನ್ನು ಅವಳು ಕಂಡಳು. ಅವರು ಹೂವಿನ ತಟ್ಟೆಯನ್ನು ಬಿಗಿಯಾಗಿ ಹಿಡಿದರು.

“ಗೊತ್ತಿಲ್ಲ.”

ಅಂಗಳದ ಕುರ್ಚಿ ಕಿರುಗುಟ್ಟಿತು. “ಎಂತ ಭಟ್ರೇ? ನಿಮಗೇ ಗೊತ್ತಿಲ್ವಾ?” ಎಂದರು ಮೊಣ್ಣಪ್ಪನವರು.

ನಲವತ್ತು ವರ್ಷ ಈ ಊರಿಗೆ ಶುದ್ಧ ಅಶುದ್ಧ ಹೇಳಿಕೊಟ್ಟ ಮನುಷ್ಯ ದೇವತಕ್ಕನ ಕಡೆಗೆ ತಿರುಗಿದರು. ಕುತ್ತಿಗೆ ಬಗ್ಗಿಸಲಿಲ್ಲ.

“ಗೊತ್ತಿಲ್ಲ ಮೊಣ್ಣಪ್ಪನವರೇ. ಇವತ್ತು ನನಗೂ ಗೊತ್ತಿಲ್ಲ.” ಹೇಳಿ ಒಳಗೆ ನಡೆದುಬಿಟ್ಟರು.

ಪದ್ಮಾಕ್ಷಿ ಒಲೆಯ ಮುಂದೆ ಒಂಟಿಯಾದಳು. ಅವಳೊಳಗೆ ಹನ್ನೆರಡೂ ಮೆಟ್ಟಿಲು ಮುಳುಗಿ ನೀರು ದೇವಸ್ಥಾನದ ಪಾಗಾರದ ಗೋಡೆಗೆ ಬಂದಿತ್ತು. ಪಾಯಸ ಚೆಲ್ಲು, ಮತ್ತೆ ಮಾಡು, ಕೈ ತೊಳೆ ಎಂದು ಮೈಯೆಲ್ಲ ಕೂಗುತ್ತಿತ್ತು. ಅವಳು ಸಟ್ಟುಗ ತೆಗೆದುಕೊಂಡು ಪಾಯಸ ತಿರುವಿದಳು. ಇವರು ನನಗೋಸ್ಕರ ಊರಿನ ಎದುರು ಗೊತ್ತಿಲ್ಲ ಅಂದರಲ್ಲ, ಎಂದುಕೊಂಡಳು. ಮತ್ತೆ ತಿರುವಿದಳು. ಅನ್ನದ ಗಂಜಿ ಬಸಿದಳು. ಬೆವರು ರೆಪ್ಪೆಯ ಮೇಲೆ ನಿಂತಿತ್ತು. ಸೆರಗಿನಿಂದ ಒರೆಸಿಕೊಂಡಳು. ಹನ್ನೊಂದು ಮೆಟ್ಟಿಲು. ಬಹಳ ಹೊತ್ತು ಹನ್ನೊಂದೇ. ಆಮೇಲೆ ಯಾವಾಗಲೋ ಒಂಬತ್ತು. ತೆಂಗಿನಕಾಯಿ ಹಾಲು ಹೊಯ್ಯುವಾಗ ಏಳು. ಏಲಕ್ಕಿ ಕುಟ್ಟಿ ಹಾಕುವಷ್ಟರಲ್ಲಿ, ಪಾಯಸದ ಹದ ಅತ್ತೆಯ ಹದಕ್ಕೇ ಬಂದದ್ದು ಕಣ್ಣಿಗೆ ಬಿದ್ದು, ಮೆಟ್ಟಿಲು ಎಣಿಸುವುದೇ ಮರೆತುಹೋಯಿತು.

ಹನ್ನೆರಡು ಇಪ್ಪತ್ತಕ್ಕೆ ಎರಡೂ ಉರುಳಿ ಗರ್ಭಗುಡಿಯ ಹೊಸ್ತಿಲಲ್ಲಿದ್ದವು. ಅವತ್ತು ಭಟ್ಟರ ಮಂತ್ರ ಹೊಳೆಯಾಚೆಯ ತೋಟಕ್ಕೂ ಕೇಳಿಸಿತೆಂದು ಊರವರು ಆಮೇಲೆ ನಕ್ಕರು.

ಪ್ರಸಾದವಾದ ಮೇಲೆ ಮೊಣ್ಣಪ್ಪನವರು ಎಲೆಯಲ್ಲಿ ಉಳಿದ ಪಾಯಸವನ್ನು ಬೆರಳಿನಿಂದ ಬಳಿದುಕೊಂಡರು. ಕೈಗಡಿಯಾರ ನೋಡಲಿಲ್ಲ. “ಅಮ್ಮಾ, ಮುಂದಿನ ಸೋಮವಾರವೂ ಕಡಲೆಬೇಳೆಯದ್ದೇ ಇರಲಿ” ಎಂದು ಎದ್ದರು.

ಪದ್ಮಾಕ್ಷಿಯ ಬೆನ್ನು ತಾನಾಗಿ ನೆಟ್ಟಗಾಯಿತು.

ಕೋಣೆಯ ಮೂಲೆಯಲ್ಲಿ ಕೊಡಪಾನ ಹಾಗೇ ತುಂಬಿ ನಿಂತಿತ್ತು. ಹೊರಗೆ ಕಟ್ಟೆಯ ಮೇಲೆ ಚಿಕ್ಕಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. ಪದ್ಮಾಕ್ಷಿ ಆ ನೀರನ್ನು ಚೊಂಬಿಗೆ ಬಗ್ಗಿಸಿ ಹೊರಗೆ ತಂದಳು. ಚಿಕ್ಕಿ ಎಂದಿನಂತೆ ಎರಡೂ ಕೈ ಬೊಗಸೆ ಮಾಡಿ ಒಡ್ಡಿದಳು. ಪದ್ಮಾಕ್ಷಿ ಹೊಯ್ಯಲಿಲ್ಲ, ಆ ಬೊಗಸೆಯೊಳಗೆ ಚೊಂಬನ್ನೇ ಇಟ್ಟಳು.

ಚಿಕ್ಕಿ ಅವಳ ಮುಖ ನೋಡಿದಳು. ನಗಬೇಕೋ ಬೇಡವೋ ತಿಳಿಯದೆ ಚೊಂಬು ಎತ್ತಿ, ಅಂಚಿಗೆ ಬಾಯಿ ಹಚ್ಚಿ, ಗಟಗಟ ಕುಡಿದಳು. ಕೊರಳಿಗೆ ಇಳಿದ ನೀರು ಬಿಸಿಲಿಗೆ ಮಿನುಗಿತು.

ಖಾಲಿ ಚೊಂಬನ್ನು ತೆಗೆದುಕೊಂಡು ಪದ್ಮಾಕ್ಷಿ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. ಎದುರುಗುಡ್ಡದಲ್ಲಿ, ಅಂದು ಜರಿದ ಕೆಂಪು ಗಾಯದ ತುಂಬ ಹುಲ್ಲು ಎದ್ದಿತ್ತು. ಚೊಂಬು ಅವಳ ಮಡಿಲಲ್ಲಿತ್ತು, ತೊಳೆಯದೆ.